ಫ್ಲೆಚರ್ ಹೆಂಡರ್‌ಸನ್: ಒಬ್ಬ ಮೇಳನಾಯಕನ ಕೀರ್ತಿಯ ಪ್ರಶ್ನೆ

ಅಮೆರಿಕದ ಜಾಸ್ ಸಂಗೀತದ ಇತಿಹಾಸದಲ್ಲಿ 1935ರಿಂದ ಸುಮಾರು ಹತ್ತು ವರ್ಷಗಳ ಅವಧಿಯನ್ನು ‘ಸ್ವಿಂಗ್ ಯುಗ’ವೆಂದು ಕರೆಯುವುದು ವಾಡಿಕೆ. ದೊಡ್ಡ ದೊಡ್ಡ ವಾದ್ಯಮೇಳಗಳು ನರ್ತನಶಾಲೆಗಳಲ್ಲಿಯೂ ರೇಡಿಯೋದಲ್ಲಿಯೂ ಮೆರೆದ ಕಾಲವದು. ಆ ಯುಗದ ಪ್ರಾರಂಭಕ್ಕೆ ದಿನವನ್ನೇ ಗೊತ್ತುಪಡಿಸುವವರೂ ಉಂಟು: 1935ನೆಯ ಆಗಸ್ಟ್ 21. ಅಂದು ಲಾಸ್ ಏಂಜಲಿಸ್ ನಗರದ ಪಾಲೊಮಾರ್ ನರ್ತನಶಾಲೆಯಲ್ಲಿ ಬೆನ್ನಿ ಗುಡ್‌ಮನ್ನನ ಮೇಳಕ್ಕೆ ತರುಣರು ಮುಗಿಬಿದ್ದರು. ‘ಸ್ವಿಂಗಿನ ದೊರೆ’ ಎಂಬ ಬಿರುದು ಮುಂದೆ ಅವನಿಗೆ ಸಂದಿತು. ಆದರೆ ಆ ಮೇಳಕ್ಕೆ ಕೀರ್ತಿ ತಂದ ವಾದ್ಯವಿನ್ಯಾಸಗಳಲ್ಲಿ ಹಲವನ್ನು ರಚಿಸಿದವನು ಇನ್ನೊಬ್ಬ ಮೇಳನಾಯಕ. ಆತನ ಜೀವನವನ್ನು ಇಲ್ಲಿ ಸಂಗ್ರಹವಾಗಿ ಪರಿಶೀಲಿಸುತ್ತೇವೆ.

ಫ್ಲೆಚರ್ ಹೆಂಡರ್‌ಸನ್ 1897ನೆಯ ಡಿಸೆಂಬರ್ 18ರಂದು ಜಾರ್ಜಿಯ ಸಂಸ್ಥಾನದ ಕತ್‌ಬರ್ಟ್ ಎಂಬ ಊರಿನಲ್ಲಿ, ಉಪಾಧ್ಯಾಯ ವೃತ್ತಿಯ ಕಪ್ಪು ಜನಾಂಗದ ಕುಟುಂಬವೊಂದರಲ್ಲಿ ಜನಿಸಿದನು. ಅಟ್ಲಾಂಟ ವಿಶ್ವವಿದ್ಯಾಲಯದಲ್ಲಿ ರಸಾಯನಶಾಸ್ತ್ರವನ್ನೂ ಗಣಿತವನ್ನೂ ಅಭ್ಯಸಿಸಿ, ಪದವೀಧರನಾಗಿ 1920ರಲ್ಲಿ ನ್ಯೂಯಾರ್ಕಿಗೆ ಬಂದನು. ಕಪ್ಪು ಜನಾಂಗದ ರಸಾಯನಶಾಸ್ತ್ರಜ್ಞನಿಗೆ ಅಂದು ಅಲ್ಲಿ ಹೆಚ್ಚಿನ ಆಸ್ಪದವಿರಲಿಲ್ಲ. ಬಾಲ್ಯದಲ್ಲಿ ಕಲಿತ ಪಿಯಾನೊ ಅನ್ನದ ದಾರಿಯಾಯಿತು. 1921ರಲ್ಲಿ ಹ್ಯಾರಿ ಪೇಸ್ ಸ್ಥಾಪಿಸಿದ ‘ಬ್ಲ್ಯಾಕ್ ಸ್ವಾನ್’ ಧ್ವನಿಮುದ್ರಣ ಸಂಸ್ಥೆಯಲ್ಲಿ ಅವನು ದುಡಿದನು. ಸಂಗೀತವು ಅವನಿಗೆ ಆಯ್ಕೆಯೆಂಬುದಕ್ಕಿಂತ ಆಶ್ರಯವಾಗಿ ದೊರೆಯಿತೆಂದರೆ ತಪ್ಪಾಗಲಾರದು.

1924ರಲ್ಲಿ ಬ್ರಾಡ್‌ವೇಯ ರೋಸ್‌ಲ್ಯಾಂಡ್ ನರ್ತನಶಾಲೆ ಅವನ ಮೇಳದ ನೆಲೆಯಾಯಿತು. ವಾದಕರು ಕಪ್ಪು ಜನ, ನರ್ತಿಸುವವರು ಬಿಳಿಯರು. ಅದೇ ವರ್ಷ ಲೂಯಿ ಆರ್ಮ್‌ಸ್ಟ್ರಾಂಗ್ ಮೇಳವನ್ನು ಸೇರಿ ಒಂದು ವರ್ಷದಷ್ಟು ಕಾಲ ಅಲ್ಲಿದ್ದನು. ಅವನ ಟ್ರಂಪೆಟ್ಟಿನ ಲಯದ ಸ್ವಾತಂತ್ರ್ಯವು ಇತರ ವಾದಕರ ಕಿವಿ ತೆರೆಸಿತು. ಡಾನ್ ರೆಡ್‌ಮನ್ ಎಂಬ ಸಹವಾದಕನು ಮೇಳಕ್ಕೆ ಹೊಸ ಅಚ್ಚನ್ನು ರೂಪಿಸುತ್ತಿದ್ದನು. ಹಿತ್ತಾಳೆಯ ವಾದ್ಯಗಳದು ಒಂದು ಪಂಕ್ತಿ, ಸ್ಯಾಕ್ಸೊಫೋನ್ ಮೊದಲಾದವುಗಳದು ಇನ್ನೊಂದು. ಒಂದು ಪಂಕ್ತಿ ಕೇಳಿದುದಕ್ಕೆ ಇನ್ನೊಂದು ಉತ್ತರಿಸುವುದು. ನಡುವೆ ಒಬ್ಬ ವಾದಕನಿಗೆ ಮನೋಧರ್ಮದಂತೆ ನುಡಿಸಲು ತೆರವು. ಬರೆದಿಟ್ಟುದೂ ಸ್ಫುರಿಸಿದುದೂ ಹೀಗೆ ಒಂದೇ ಕೃತಿಯಲ್ಲಿ ಹೊಂದಿಕೊಂಡವು. ರೆಡ್‌ಮನ್ 1927ರಲ್ಲಿ ಬೇರೆ ಮೇಳಕ್ಕೆ ಹೋದ ಬಳಿಕ ಹೆಂಡರ್‌ಸನ್ನನೇ ಕ್ರಮೇಣ ಆ ಅಚ್ಚನ್ನು ತಿಳಿಯಾಗಿಸಿ ನಯಗೊಳಿಸಿದನು.

1928ರ ಮೋಟಾರು ಅಪಘಾತದಲ್ಲಿ ಗಾಯಗೊಂಡ ಮೇಲೆ ಅವನಿಗೆ ವ್ಯವಹಾರದಲ್ಲಿ ಆಸಕ್ತಿ ಕುಗ್ಗಿತೆಂದು ಪತ್ನಿ ಹೇಳಿದುದುಂಟು. ಶಿಸ್ತು ಸಡಿಲವಾಯಿತು, ಆರ್ಥಿಕ ಮುಗ್ಗಟ್ಟು ಬಂದಿತು. 1934ರಲ್ಲಿ ಮೇಳ ಚದುರಿತು. ಆ ಡಿಸೆಂಬರಿನಲ್ಲಿಯೇ ಗುಡ್‌ಮನ್ನನ ಮೇಳವು ‘ಲೆಟ್ಸ್ ಡ್ಯಾನ್ಸ್’ ಎಂಬ ರೇಡಿಯೋ ಕಾರ್ಯಕ್ರಮವನ್ನು ಆರಂಭಿಸಿತು. ವಾರವಾರವೂ ಹೊಸ ವಿನ್ಯಾಸಗಳು ಬೇಕು. ಹೆಂಡರ್‌ಸನ್ನನಿಗೆ ಹಣ ಬೇಕು. ಹೀಗೆ ಅವನ ವಿನ್ಯಾಸಗಳು ಕೈ ಬದಲಾದುವು.

ಇದನ್ನು ನೇರವಾಗಿ ಅಪಹರಣವೆನ್ನಲು ನಾವು ಒಪ್ಪೆವು. ಗುಡ್‌ಮನ್ ಹಣ ಕೊಟ್ಟನು, ಋಣವನ್ನು ಬಹಿರಂಗವಾಗಿ ಒಪ್ಪಿಕೊಂಡನು, 1939ರಲ್ಲಿ ಹೆಂಡರ್‌ಸನ್ನನನ್ನು ತನ್ನ ಮೇಳಕ್ಕೇ ಸೇರಿಸಿಕೊಂಡನು. ಕೃತಿಯ ಒಡೆತನವೂ ಸರಳವಲ್ಲ. 1935ರಲ್ಲಿ ಗುಡ್‌ಮನ್ ಮುದ್ರಿಸಿದ ‘ಕಿಂಗ್ ಪೋರ್ಟರ್ ಸ್ಟಾಂಪ್’ ಮೂಲತಃ ಜೆಲ್ಲಿ ರೋಲ್ ಮಾರ್ಟನ್ನನ ರಚನೆ. ಹೆಂಡರ್‌ಸನ್ನನ ವಾದಕರು ಅದನ್ನು 1928ರಿಂದ ನುಡಿಸಿ ನುಡಿಸಿ ಬೆಳೆಸಿದ್ದರು. ಕಾಗದದ ಮೇಲಿನ ಹೆಸರು ಒಬ್ಬನದಾದರೂ ಅದರಲ್ಲಿ ಆ ವಾದಕರ ಪಾಲೂ ಇತ್ತು. ಅನ್ಯಾಯವಿದ್ದುದು ಬೇರೆಡೆ. ಪ್ರಾಯೋಜಕರ ಖರ್ಚಿನಲ್ಲಿ ದೇಶಕ್ಕೆಲ್ಲ ಕೇಳುವ ರೇಡಿಯೋ, ದೊಡ್ಡ ಹೋಟೆಲುಗಳ ವೇದಿಕೆ, ಇವು ಕಪ್ಪು ಜನರ ಮೇಳಗಳಿಗೆ ಬಹುಮಟ್ಟಿಗೆ ಮುಚ್ಚಿದ ಬಾಗಿಲು. ಅದೇ ಸ್ವರಪತ್ರ ಒಂದು ಮೇಳದ ಕೈಯಲ್ಲಿ ಬಿರುದು ತಂದಿತು, ಇನ್ನೊಂದರ ಕೈಯಲ್ಲಿ ಸಾಲ.

1936ರಲ್ಲಿ ಷಿಕಾಗೋ ನಗರದಲ್ಲಿ ಹೆಂಡರ್‌ಸನ್ ಕಟ್ಟಿದ ಹೊಸ ಮೇಳವು ‘ಕ್ರಿಸ್ಟೋಫರ್ ಕೊಲಂಬಸ್’ ಎಂಬ ಕೃತಿಯಿಂದ ಜನಪ್ರಿಯವಾಯಿತು, ಬಹುಕಾಲ ಬಾಳಲಿಲ್ಲ. 1950ರ ಡಿಸೆಂಬರಿನಲ್ಲಿ ಪಾರ್ಶ್ವವಾಯು ತಗುಲಿತು. 1952ನೆಯ ಡಿಸೆಂಬರ್ 29ರಂದು ಅವನು ನ್ಯೂಯಾರ್ಕಿನಲ್ಲಿ ತೀರಿಕೊಂಡನು. 1961ರಲ್ಲಿ ಕೊಲಂಬಿಯ ಸಂಸ್ಥೆ ಅವನ ಧ್ವನಿಮುದ್ರಿಕೆಗಳನ್ನು ಸಂಕಲಿಸಿ ಹೊರತಂದಾಗ ‘ಆಶಾಭಂಗದ ಒಂದು ಅಧ್ಯಯನ’ ಎಂಬರ್ಥದ ಉಪಶೀರ್ಷಿಕೆಯನ್ನು ಕೊಟ್ಟಿತು. ಮೇಳನಾಯಕನ ಮಟ್ಟಿಗೆ ಅದು ನಿಜವಿದ್ದೀತು. ಅವನು ತಿದ್ದಿ ತೀಡಿದ ಅಚ್ಚಿನಲ್ಲಿಯೇ ಮುಂದಿನ ಹತ್ತು ವರ್ಷ ಅಮೆರಿಕದ ದೊಡ್ಡ ಮೇಳಗಳಲ್ಲಿ ಬಹುಪಾಲು ನುಡಿಸಿದುವೆಂಬುದನ್ನು ಆ ಶೀರ್ಷಿಕೆ ಹೇಳುವುದಿಲ್ಲ.