ಅಗೆಯೋ ತೋಳು, ಒಡೆಯೋ ತೋಳು

ಇವತ್ತಿನ ಕತೆ ಶುರುವಾಗೋದು ನಮ್ಮೂರಿಂದ. ಕೆ.ಆರ್. ಪೇಟೆ ತಾಲ್ಲೂಕಿನ ಸಿಂಧಘಟ್ಟ. ಹೊಯ್ಸಳರ ಕಾಲದ ಲಕ್ಷ್ಮೀನಾರಾಯಣ ಗುಡಿ ಇರೋ ಊರು ಅಂದ್ರೆ ಕೆಲವರಿಗಾದ್ರೂ ಗೊತ್ತಾಗುತ್ತೆ.

ಅಲ್ಲಿ ನಮ್ಮ ತಾತನ ಕಾಲದ ತೊಟ್ಟಿಮನೆ ಇತ್ತು. ಹಿಂದುಗಡೆ ಆಮೇಲೆ ಸೇರಿಸಿದ ಎರಡು ಆರ್‌ಸಿಸಿ ಕೋಣೆ. ಪಾಲಾದ ಮೇಲೆ ಕೆಡವೋದು ಅಂತ ತೀರ್ಮಾನ ಆಯ್ತು. ದೊಡ್ಡಪ್ಪ ಕೇಳಿದ್ದು ಒಂದೇ ಮಾತು: ತೊಟ್ಟಿ ಸುತ್ತ ಇರೋ ನಾಲ್ಕು ಮರದ ಕಂಬ ಉಳೀಬೇಕು. ಹಿಟಾಚಿ ಓಡಿಸೋ ಹುಡುಗ, "ಯಜಮಾನ್ರೇ, ಇದ್ರಲ್ಲಿ ಅದೆಲ್ಲ ಆಗಾಕಿಲ್ಲ, ಅರ್ಧ ದಿನಕ್ಕೆ ಕ್ಲೀನ್ ಮಾಡ್ಕೊಡ್ತೀನಿ" ಅಂದ. (ನಮ್ಮ ಕಡೆ ಯಾವ ಕಂಪನಿ ಮಷೀನಾದ್ರೂ ಬಾಯಲ್ಲಿ ಹಿಟಾಚಿನೇ. ಅವತ್ತು ಬಂದಿದ್ದು ಬೇರೆ ಕಂಪನಿದು.) ಹತ್ತು ಗಂಟೆಗೆಲ್ಲ ಮೂರು ಕಂಬ ಮುರಿದಿದ್ವು.

ಮಧ್ಯಾಹ್ನ ಬಕೆಟ್ ಕಳಚಿ, ಬ್ರೇಕರ್ ಹಾಕಿ ಆರ್‌ಸಿಸಿ ಒಡೀತಿದ್ದಾಗ ಹುಡುಗ ತಟ್ಟನೆ ಮಷೀನ್ ನಿಲ್ಲಿಸಿದ. ಬೂಮ್ ಮೇಲೆ, ವೆಲ್ಡಿಂಗ್ ಮುಗಿಯೋ ಜಾಗದಲ್ಲಿ, ಕೂದಲೆಳೆಯಂಥ ಬಿರುಕು. ಪೇಟೆಯಿಂದ ವಯಸ್ಸಾದ ವೆಲ್ಡರ್ ಒಬ್ಬರು ಬಂದ್ರು. ಬಂದವರು ಮೊದಲು ಡ್ರಿಲ್ ತಗೊಂಡು ಬಿರುಕಿನ ತುದೀಲಿ ಸಣ್ಣ ತೂತು ಕೊರೆದ್ರು. "ಒಡೆದಿರೋದಕ್ಕೆ ಇನ್ನೊಂದು ತೂತು ಯಾಕಣ್ಣ?" ಅಂದೆ. "ಇಲ್ಲಿಗೆ ನಿಲ್ಲಲಿ ಅಂತ" ಅಂದ್ರು, ಅಷ್ಟೇ.

ಅವರ ಆ ತೂತಿನ ಹಿಂದೆ ನೂರೈವತ್ತು ವರ್ಷಕ್ಕೂ ಹೆಚ್ಚಿನ ಇತಿಹಾಸ ಇದೆ. 1842ರಲ್ಲಿ ಫ್ರಾನ್ಸಿನ ವರ್ಸೈ ಹತ್ತಿರ ರೈಲು ಎಂಜಿನ್ನಿನ ಅಚ್ಚು ಮುರಿದು ಭೀಕರ ಅಪಘಾತ ಆಯ್ತು. ಭಾರ ಹೊರೋ ಶಕ್ತಿ ಇದ್ದ ಅಚ್ಚುಗಳು ಯಾಕೆ ಮುರೀತಿವೆ? 1850-60ರ ದಶಕಗಳಲ್ಲಿ ಜರ್ಮನಿಯ ರೈಲ್ವೆ ಎಂಜಿನಿಯರ್ ಆಗಸ್ಟ್ ವೊಲರ್ ವರ್ಷಗಟ್ಟಲೆ ಪರೀಕ್ಷೆ ಮಾಡಿ ತೋರಿಸಿದ: ಒಂದು ಸಲಕ್ಕೆ ಮುರಿಯದ ಭಾರವೂ ಲಕ್ಷಾಂತರ ಸಲ ಬಿದ್ದರೆ ಲೋಹವನ್ನು ಮುರಿಯುತ್ತದೆ. ಲೋಹಕ್ಕೂ ದಣಿವಿದೆ. ಬಿರುಕಿನ ಚೂಪು ತುದಿಯಲ್ಲೇ ಒತ್ತಡವೆಲ್ಲ ಗುಂಪಾಗುತ್ತದೆ. ಆ ತುದಿಯನ್ನು ದುಂಡಗೆ ಮಾಡಿದರೆ ಒತ್ತಡ ಹರಡಿಕೊಳ್ಳುತ್ತೆ. ವೆಲ್ಡರಣ್ಣ ಮಾಡಿದ್ದು ಅದನ್ನೇ.

ಈಗ ಲೆಕ್ಕ ಹಾಕಿ. ಬ್ರೇಕರ್ ನಿಮಿಷಕ್ಕೆ 500 ಏಟು ಹೊಡೆದರೆ ಗಂಟೆಗೆ 30,000. ಪ್ರತಿ ಏಟಿನಲ್ಲೂ ಒಂದಷ್ಟು ವಾಪಸ್ ಬಂದು ತೋಳಿಗೇ ಬಡಿಯುತ್ತೆ. ಮಣ್ಣು ಅಗೆಯೋಕೆ ಅಂತಲೇ ಮಾಡಿದ ತೋಳಿಗೆ ಇದು ಬೇರೆಯದೇ ಶಿಕ್ಷೆ. ಹಾಗಂತ ದಪ್ಪ ಉಕ್ಕು ಹಾಕಿದರೆ ಮುಗೀತಾ? ಇಲ್ಲ. ಅದೇ ಅಳತೆಯ ತೋಳನ್ನು ಎರಡರಷ್ಟು ಉದ್ದ ಮಾಡಿದರೆ, ತೂಕ ಎರಡರಷ್ಟು, ಆ ತೂಕ ನಿಲ್ಲುವ ದೂರವೂ ಎರಡರಷ್ಟು. ಬುಡದ ಪಿನ್ ಹತ್ತಿರ ತೋಳನ್ನು ಬಗ್ಗಿಸೋ ಬಲ ನಾಲ್ಕರಷ್ಟು. ಅದಕ್ಕೇ ಬೂಮ್ ಒಳಗೆ ಟೊಳ್ಳು. ನಾಲ್ಕು ತಗಡು ಸೇರಿಸಿದ ಪೆಟ್ಟಿಗೆ. ಬಗ್ಗುವಿಕೆಯನ್ನು ತಡೆಯೋದು ಹೊರಮೈಯ ಉಕ್ಕು, ನಡುವಿನದು ಬರೀ ತೂಕ. ಈಗ ಎಂಜಿನಿಯರುಗಳು ಕಂಪ್ಯೂಟರಿನಲ್ಲಿ ತೋಳನ್ನು ಸಾವಿರಾರು ಚೂರು ಮಾಡಿ ಒಂದೊಂದಕ್ಕೂ ಲೆಕ್ಕ ಹಾಕ್ತಾರೆ. ಪರದೆ ಮೇಲೆ ಕೆಂಪಗೆ ಕಾಣೋದು ಸಾಮಾನ್ಯವಾಗಿ ಪಿನ್ನಿನ ತೂತು, ಬೆಸುಗೆಯ ಕೊನೆ.

ಕೆಡವೋದಕ್ಕಂತಲೇ ತೋಳು ಮಾಡಿದವರೂ ಇದ್ದಾರೆ. 1970ರ ದಶಕದಲ್ಲಿ ಸ್ವೀಡನ್‌ನ ಬ್ರಾಕ್ ಕಂಪನಿ ರಿಮೋಟಿನಿಂದ ನಡೆಯೋ ಯಂತ್ರ ತಂದಿತು. ತೋಳಿಗೆ ಎರಡಲ್ಲ, ಮೂರು ಭಾಗ. ಏಟಿನ ಹಿಂಬಡಿತಕ್ಕೆ ಹಗುರ ಯಂತ್ರ ಅಲುಗಾಡದಿರಲಿ ಅಂತ ನಾಲ್ಕು ಕಾಲು ಚಾಚಿ ನಿಲ್ಲುತ್ತೆ. ಸಣ್ಣವು ಮನೆ ಬಾಗಿಲಲ್ಲೇ ನುಗ್ಗುತ್ತವೆ. ಓಡಿಸೋನು ದೂರದಲ್ಲಿ. ಫುಕುಶಿಮಾದಲ್ಲಿ ಮನುಷ್ಯರು ಹೋಗಲಾಗದ ಜಾಗಕ್ಕೂ ಇಂಥವು ಹೋದವು.

ಆದರೆ ಜೋಪಾನವಾಗಿ ಬಿಚ್ಚೋದು ಹೊಸ ವಿದ್ಯೆ ಏನಲ್ಲ. ನಮ್ಮೂರಿಗೆ ಹತ್ತಿರದ ಶ್ರೀರಂಗಪಟ್ಟಣಕ್ಕೇ ಬನ್ನಿ. 1829ರಲ್ಲಿ ಊಟಿಯ ಸೇಂಟ್ ಸ್ಟೀಫನ್ಸ್ ಚರ್ಚಿಗೆ ಅಡಿಗಲ್ಲು ಬಿತ್ತು. ಅದರ ದೊಡ್ಡ ತೊಲೆಗಳು ಎಲ್ಲಿಂದ ಹೋದವು ಗೊತ್ತಾ? ಟಿಪ್ಪುವಿನ ಲಾಲ್ ಮಹಲ್ ಅರಮನೆಯಿಂದ. ಆನೆಗಳು ಬೆಟ್ಟ ಹತ್ತಿಸಿದವು. ಸೋತವರ ಅರಮನೆ ಕಿತ್ತುಕೊಂಡು ಹೋದದ್ದು ನನಗೆ ಹೆಮ್ಮೆಯ ವಿಷಯವಲ್ಲ. ಆದರೂ ತೊಲೆ ಮುರಿಯದೆ ಇಳಿಸಿದ ಕೈಗಳ ಬಗ್ಗೆ ಬೆರಗಾಗುತ್ತೆ. ಆ ತೊಲೆಗಳು ಇಂದಿಗೂ ಅಲ್ಲಿವೆ.

ಇನ್ನೊಂದು 2017ರದ್ದು. ಮೈಸೂರು–ಬೆಂಗಳೂರು ಜೋಡಿ ಹಳಿಗೆ ಟಿಪ್ಪು ಕಾಲದ ಮದ್ದಿನಮನೆ ಅಡ್ಡ ಬಂತು. ಬ್ರೇಕರಿಗೆ ಅದು ಹೆಚ್ಚು ಹೊತ್ತಿನ ಕೆಲಸವಲ್ಲ. ಬದಲಿಗೆ ಕೆಳಗೆ ಉಕ್ಕಿನ ತೊಲೆ ತೂರಿಸಿ, ಹೈಡ್ರಾಲಿಕ್ ಜಾಕ್‌ಗಳಿಂದ ಸುಮಾರು 1000 ಟನ್ನಿನ ಕಟ್ಟಡವನ್ನು ಇಡಿಯಾಗಿ ಎತ್ತಿ, ಸುಮಾರು 130 ಮೀಟರ್ ಸರಿಸಿದರು. ಜಾಕ್‌ಗಳೆಲ್ಲ ಸಮನಾಗಿ ಏಳಬೇಕು. ಒಂದು ಮೂಲೆ ಮುಂಚೆ ಎದ್ದರೆ ಇಟ್ಟಿಗೆ-ಗಾರೆಯ ಗೋಡೆ ಸೀಳಿಹೋಗುತ್ತೆ. ತಮಾಷೆ ಅಂದ್ರೆ, ನಮ್ಮನೆ ಕೆಡವಿದ ತೋಳನ್ನು ಆಡಿಸಿದ್ದೂ ಅದೇ ಎಣ್ಣೆಯ ಒತ್ತಡ.

ನಮ್ಮ ತೊಟ್ಟಿಯ ನಾಲ್ಕನೇ ಕಂಬ ಉಳೀತು. ಬೂಮ್ ಬಿರುಕು ಬಿಟ್ಟು ಮಷೀನ್ ನಿಂತಿದ್ದ ಆ ಎರಡು ಗಂಟೇಲಿ ದೊಡ್ಡಪ್ಪ ಮೂರು ಜನ ಆಳು ಕರ್ಕೊಂಡು ಬಂದು, ಹಗ್ಗ ಕಟ್ಟಿ, ಅದನ್ನ ಇಳಿಸಿಕೊಂಡ್ರು. ಈಗ ಹೊಸ ಮನೆ ಜಗಲೀಲಿ ನಿಂತಿದೆ. ಅದರ ಮೇಲೆ ಯಾವ ಭಾರವೂ ಇಲ್ಲ.