ಚೀಲದೊಳಗಿನ ಬಿಸಿ

ದಾವಣಗೆರೆಯ ಹತ್ತಿ ಗಿರಣಿಯೊಂದರ ವೇಸ್ಟ್ ಗೋಡೌನಿಗೆ ನಾನು ಗುಮಾಸ್ತನಾಗಿ ಸೇರಿದ ದಿನ ಮೇಸ್ತ್ರಿ ಮೊದಲು ಕಲಿಸಿದ್ದು ಚೀಲಕ್ಕೆ ಕೈ ಹಾಕುವುದನ್ನು. ಬಾಯಿ ಹೊಲಿಯುವ ಮುನ್ನ ಮೊಣಕೈವರೆಗೆ ತೋಳು ತೂರಿಸಿ, ಒಂದು ಗಳಿಗೆ ಸುಮ್ಮನೆ ನಿಲ್ಲುತ್ತಿದ್ದರು.

ಕರ್ನಾಟಕದ ಮ್ಯಾಂಚೆಸ್ಟರ್ ಎನಿಸಿಕೊಂಡ ಊರಿನಲ್ಲಿ ಗಿರಣಿಯ ಕಸವೂ ಸರಕೇ. ಬ್ಲೋರೂಮಿನಲ್ಲಿ ಉದುರಿದ್ದು, ಕಾರ್ಡಿಂಗಿನ ಫ್ಲಾಟ್ ಸ್ಟ್ರಿಪ್, ನೂಲಿನ ತುಂಡುಗಳ ಹಾರ್ಡ್ ವೇಸ್ಟ್, ನೆಲ ಗುಡಿಸಿದ್ದು: ಒಂದೊಂದಕ್ಕೂ ಬೇರೆ ರಾಶಿ, ಬೇರೆ ದರ. ಮೆತ್ತನೆಯದು ಗಾದಿಗೆ, ಒರಟು ನೂಲಿಗೆ. ಹಾರ್ಡ್ ವೇಸ್ಟ್ ಲೋಕೋ ಶೆಡ್ಡು, ಗ್ಯಾರೇಜುಗಳಿಗೆ, ಯಂತ್ರ ಒರೆಸಲು. ಪ್ರೆಸ್ಸಿನಲ್ಲಿ ಒತ್ತಿ, ಗೋಣಿತಟ್ಟು ಸುತ್ತಿ, ಕಬ್ಬಿಣದ ಪಟ್ಟಿ ಬಿಗಿದು, ಬಗೆ ಮತ್ತು ತೂಕ ಬರೆದರೆ ಬೇಲು ಗೂಡ್ಸ್ ಶೆಡ್ಡಿಗೆ ಹೊರಡುತ್ತಿತ್ತು.

ಒಂದು ಶನಿವಾರ ಪಾಳಿ ಮುಗಿಸುವ ಅವಸರದಲ್ಲಿ ಎಣ್ಣೆ ಒರೆಸಿದ ಚಿಂದಿ ಗುಡಿಸಿದ ವೇಸ್ಟಿಗೆ ಬೆರೆತಿತ್ತು. ಸೋಮವಾರ ಮೇಸ್ತ್ರಿ ಕೈ ಹಾಕಿದವರೇ ಸರ್ರನೆ ಹಿಂದಕ್ಕೆಳೆದುಕೊಂಡರು. ಚೀಲವನ್ನು ಅಂಗಳಕ್ಕೆಳೆದು, ನೀರು ಸುರಿದು ಸೀಳಿದೆವು. ಹೊರಗೆ ಬೂದು ಬಣ್ಣದ ಹತ್ತಿ. ನಡುವೆ ಹಳೇ ಬೆಲ್ಲದ ಬಣ್ಣ, ಕರಕು ವಾಸನೆ. “ಹಸಿ ಹುಲ್ಲಿನ ಬಣವಿ ಒಟ್ಟಿದಂಗಾತು ನೋಡು ತಮ್ಮಾ, ಬೆಂಕಿ ಒಳಗ ಹುಟ್ಟತೈತಿ” ಎಂದರು.

ಅವರ ಮಾತು ನಿಜ. ಕೆಲವು ಎಣ್ಣೆಗಳು, ಅದರಲ್ಲೂ ಅಗಸೆಯಂಥವು, ಗಾಳಿಯ ಆಮ್ಲಜನಕದೊಡನೆ ಕೂಡಿ ಬಿಸಿಯಾಗುತ್ತವೆ. ಒತ್ತಿ ಕಟ್ಟಿದ ಎಳೆಗಳ ನಡುವೆ ಆ ಬಿಸಿಗೆ ಹೊರದಾರಿಯಿಲ್ಲ.

ಹಡಗಿನ ಒಡಲಿನಲ್ಲಿ ಹತ್ತಿ ಹೊತ್ತಿದರೆ ಏನಾದೀತೆಂದು ನಮ್ಮ ದೇಶ ಕಣ್ಣಾರೆ ಕಂಡಿದೆ. 1944ರ ಏಪ್ರಿಲ್ 14ರಂದು ಮುಂಬಯಿಯ ವಿಕ್ಟೋರಿಯಾ ಡಾಕಿನಲ್ಲಿ ‘ಫೋರ್ಟ್ ಸ್ಟಿಕಿನ್’ ಹಡಗಿನ ಹತ್ತಿ ಬೇಲುಗಳಿಗೆ ಹತ್ತಿದ ಬೆಂಕಿ ಅದೇ ಹಡಗಿನ ಮದ್ದುಗುಂಡಿಗೆ ತಗುಲಿ ನೂರಾರು ಜನ ಸತ್ತರು. ಯಾವ ಸರಕಿನ ಪಕ್ಕ ಯಾವುದಿರಬೇಕು ಎಂಬುದು ಜೀವದ ಪ್ರಶ್ನೆ. 1956ರಲ್ಲಿ ಅಪಾಯಕಾರಿ ಸರಕುಗಳ ಬಗ್ಗೆ ವಿಶ್ವಸಂಸ್ಥೆಯ ಶಿಫಾರಸುಗಳು ಬಂದವು. 1965ರಲ್ಲಿ ಹಡಗು ಸಾಗಣೆಯ ಐಎಂಡಿಜಿ ಸಂಹಿತೆ. ಇಂದು ಎಣ್ಣೆ ಹತ್ತಿದ ಹತ್ತಿ ವೇಸ್ಟಿಗೆ ಗುರುತು ಸಂಖ್ಯೆ ಯುಎನ್ 1364, ಎಣ್ಣೆ ಚಿಂದಿಗೆ 1856, ಒದ್ದೆ ಜವಳಿ ವೇಸ್ಟಿಗೆ 1857. ಮೂರೂ 4.2ನೇ ವರ್ಗ: ತಾನಾಗಿಯೇ ಹೊತ್ತಿಕೊಳ್ಳುವ ವಸ್ತು.

ಈ ಸಂಖ್ಯೆಗಳನ್ನು ಮೇಸ್ತ್ರಿ ಓದಿದವರಲ್ಲ. ಆದರೆ ಬೇಲಿನ ಮೇಲೆ ಬರೆದದ್ದು ನಿಜವಾಗಬೇಕಾದರೆ ಬೇರ್ಪಡಿಸುವ ಕೈ ಪ್ರಾಮಾಣಿಕವಾಗಿರಬೇಕು ಎಂಬುದು ಅವರಿಗೆ ಗೊತ್ತಿತ್ತು. ಗಾರ್ಮೆಂಟ್ಸಿನ ಚಿಂದಿ ಲಾರಿಗೆ ತುಂಬುವ ಇಂದಿನ ಹುಡುಗರಿಗೂ ಹೇಳುತ್ತೇನೆ: ಎಣ್ಣೆಬಟ್ಟೆಗೆ ಮುಚ್ಚಳದ ತಗಡಿನ ಡಬ್ಬಿ ಬೇರೆಯೇ ಇರಲಿ. ಚೀಲ ಹೊಲಿಯುವ ಮುನ್ನ ಒಮ್ಮೆ ಕೈ ಹಾಕಿ ನೋಡಿ.