ಗಲ್ಲಾಪೆಟ್ಟಿಗೆಯ ಮುಂದಿನ ಸಂದರ್ಶನ

ಕೆಲಸ ಬೇಡಿ ಬಂದ ತರುಣನನ್ನು ಮೇಜಿನ ಎದುರಿಗೆ ಕುಳ್ಳಿರಿಸಿ, ಅವನ ಪ್ರಮಾಣಪತ್ರಗಳನ್ನು ಪರಿಶೀಲಿಸಿ, ಸಿಡುಕಿನ ಗಿರಾಕಿಯೊಡನೆ ಹೇಗೆ ವರ್ತಿಸುವೆಯೆಂದು ಕೇಳಿ, ಉತ್ತರದ ಸೊಗಸನ್ನು ತೂಗಿನೋಡುವ ಸಂದರ್ಶನವಿಧಿಯು ನಮ್ಮ ದೊಡ್ಡ ಅಂಗಡಿಗಳಿಗೂ ಕಂಪೆನಿಗಳಿಗೂ ಈಗ ಸಹಜವಾಗಿಬಿಟ್ಟಿದೆ. ಇದಕ್ಕೆ ಬಹು ಮುಂಚಿನಿಂದಲೂ, ಗಿರಾಕಿಯ ಸೇವೆಯನ್ನೇ ಜೀವನೋಪಾಯವಾಗಿ ಮಾಡಿಕೊಂಡ ಕಸುಬೊಂದು ನಮ್ಮ ಕರಾವಳಿಯಿಂದ ಹೊರಟು ಮದರಾಸು, ಬೆಂಗಳೂರು, ಮುಂಬಯಿಗಳವರೆಗೆ ಹಬ್ಬಿ, ಹೊಸಬರನ್ನು ಸೇರಿಸಿಕೊಳ್ಳುವ ತನ್ನದೇ ಆದ ಕ್ರಮವನ್ನು ರೂಢಿಸಿಕೊಂಡಿತ್ತು. ಉಡುಪಿ ಹೋಟೆಲಿನ ದೋಸೆಯನ್ನು ಕೊಂಡಾಡಿದವರು ಬಹಳ ಮಂದಿ. ಅಲ್ಲಿ ಲೋಟ ತೊಳೆಯಲು ಬಂದ ಮಾಣಿಯನ್ನು ಏನು ಕೇಳಿ ಒಳಗೆ ಬಿಟ್ಟರೆಂಬುದನ್ನು ವಿಚಾರಿಸಿದವರು ವಿರಳ.

ಹುಡುಗರು ಊರು ಬಿಟ್ಟುದಕ್ಕೆ ತುಂಡುಗದ್ದೆ, ಗೇಣಿಯ ಭಾರ, ತುಂಬಿದ ಮನೆಗಳೇ ಸಾಕಷ್ಟು ಕಾರಣಗಳಾಗಿದ್ದುವು. ತುಳುವರು ಮಾರಿಬೊಳ್ಳವೆಂದು ನೆನೆಯುವ 1923ರ ನೆರೆಯು ಎಷ್ಟೋ ಕುಟುಂಬಗಳಿಗೆ ಉಳಿದಿದ್ದ ಆಸರೆಯನ್ನೂ ಕೊಚ್ಚಿಕೊಂಡು ಹೋಯಿತು. 1907ರಲ್ಲಿ ಮಂಗಳೂರಿಗೆ ರೈಲು ಬಂದುದರಿಂದ ಮದರಾಸಿನ ದಾರಿ ಸುಗಮವಾಗಿತ್ತು. ಮುಂಬಯಿಗೆ ಹಡಗು ಹತ್ತಬೇಕಾಗಿತ್ತು. ಬೆಂಗಳೂರಿಗೆ ಘಟ್ಟದ ರಸ್ತೆಯೊಂದೇ ಗತಿ. ಕಡಂದಲೆಯ ಕೆ. ಕೃಷ್ಣರಾಯರು ಮದರಾಸಿನಲ್ಲಿ ಅಡಿಗೆಮನೆಯ ಆಳಾಗಿ ಆರಂಭಿಸಿ 1938ರ ವೇಳೆಗೆ ವುಡ್‌ಲ್ಯಾಂಡ್ಸ್ ಹೋಟೆಲನ್ನು ತೆರೆಯುವಷ್ಟು ಬೆಳೆದರು. ಪಾರಂಪಳ್ಳಿಯ ಮಯ್ಯ ಸಹೋದರರು ಬೆಂಗಳೂರಿನ ಮನೆಗಳಲ್ಲಿ ಅಡಿಗೆ ಮಾಡಿದ ಬಳಿಕ 1924ರಲ್ಲಿ ಸ್ಥಾಪಿಸಿದ ಬ್ರಾಹ್ಮಣ ಕಾಫಿ ಕ್ಲಬ್ಬೇ ಮುಂದೆ ಮಾವಳ್ಳಿ ಟಿಫಿನ್ ರೂಂಸ್ ಎಂದು ಪ್ರಖ್ಯಾತವಾಯಿತು. ಹೀಗೆ ಗಲ್ಲಾದ ಮೇಲೆ ಕುಳಿತವನು ಒಂದು ಕಾಲಕ್ಕೆ ತಾನೂ ಇಂಥ ಕೆಲಸಕ್ಕಾಗಿ ಊರು ಬಿಟ್ಟು ಬಂದವನೇ ಆಗಿರುತ್ತಿದ್ದುದು ಸಾಮಾನ್ಯ. ಆದುದರಿಂದಲೇ ಅವನ ಪ್ರಶ್ನೆಗಳು ಚುಟುಕಾಗಿದ್ದುವು.

“ಯಾವೂರು?” “ಯಾರ ಮಗ?” “ಯಾರ ಜತೆ ಬಂದೆ?” ದುಡ್ಡು ಎಣಿಸಿಕೊಳ್ಳುವ, ಚಿಲ್ಲರೆ ಕೊಡುವ ನಡುವೆಯೇ ಮೂರು ಮಾತುಗಳಲ್ಲಿ ವಿಚಾರಣೆ ಮುಗಿಯುತ್ತಿತ್ತು. ಅದರಲ್ಲಿ ಪರೀಕ್ಷಿಸಲ್ಪಡುತ್ತಿದ್ದವನು ಹುಡುಗನಿಗಿಂತ ಹೆಚ್ಚಾಗಿ ಅವನ ಬೆನ್ನ ಹಿಂದಿನ ಜಾಮೀನು: ಕರೆತಂದ ಸೋದರಮಾವ, ಚೀಟಿ ಬರೆದುಕೊಟ್ಟ ಶಾಲಾಮಾಸ್ತರರು, ಮಠದ ಪಾಕಶಾಲೆಯಲ್ಲಿ ಪಳಗಿದ ದೊಡ್ಡಪ್ಪ. ಹುಡುಗನು ತಪ್ಪಿ ನಡೆದರೆ ಸುದ್ದಿಯು ಅವನಿಗಿಂತ ಮೊದಲೇ ಊರು ಮುಟ್ಟುವುದೆಂಬ ಅರಿವು ಇಬ್ಬರಿಗೂ ಇದ್ದಿತು. ಸಂಬಳದ ಮಾತನ್ನು ಹುಡುಗನು ಎತ್ತುವಂತಿರಲಿಲ್ಲ. ಊಟ, ಮಲಗಲು ರಾತ್ರಿ ಬೆಂಚುಗಳ ಮೇಲಿನ ಸ್ಥಳ, ಮನೆಗೆ ಆಗಾಗ್ಗೆ ಒಂದು ಮನಿಯಾರ್ಡರು, ಇಷ್ಟೇ ಒಪ್ಪಂದ.

ನಿಜವಾದ ಪರೀಕ್ಷೆ ಆ ಬಳಿಕ ಆರಂಭವಾಗಿ ವರ್ಷಗಟ್ಟಲೆ ನಡೆಯುತ್ತಿತ್ತು. ಮೊದಲು ಕ್ಲೀನರ್; ಎಂಜಲು ಲೋಟಗಳನ್ನೆತ್ತಿ ಮೇಜನ್ನೊರಸುವ ಆ ಕಾಲದಲ್ಲಿ ಅವನ ಕಣ್ಣು ಚುರುಕೋ, ಕೈ ಶುದ್ಧವೋ, ಬೈದಾಗ ಮುಖ ಗಂಟಿಕ್ಕುವನೋ ಎಂಬುದನ್ನು ಧಣಿಗಳು ಗಲ್ಲಾದಿಂದಲೇ ಗಮನಿಸುತ್ತಿದ್ದರು. ಸಪ್ಲೈಯರ್ ಪದವಿಗೆ ಏರಬೇಕಾದರೆ ಮೈಗಿಂತ ನೆನಪು ಗಟ್ಟಿಯಾಗಿರಬೇಕಾಗಿತ್ತು. ನಾಲ್ಕು ಮೇಜುಗಳವರು ಕೇಳಿದ ಇಡ್ಲಿ, ವಡೆ, ಬೈಟು ಕಾಫಿಗಳನ್ನು ಬರೆದುಕೊಳ್ಳದೆ ಒಳಗೆ ಕೂಗಿ ಹೇಳಿ, ತಟ್ಟೆಗಳನ್ನು ತೋಳಿನ ಮೇಲೆ ಸಾಲಾಗಿ ಜೋಡಿಸಿ ತಂದು, ತಿಂದವರು ಎದ್ದ ಕೂಡಲೇ ಲೆಕ್ಕವನ್ನು ಗಲ್ಲಾಕ್ಕೆ ಮುಟ್ಟಿಸಬೇಕು. 1957ರ ಏಪ್ರಿಲ್ ಒಂದರಂದು ಆಣೆ-ಕಾಸುಗಳು ಹೋಗಿ ನಯಾಪೈಸೆ ಬಂದಾಗ, ಒಂದಾಣೆಗೆ ಆರೂಕಾಲು ಪೈಸೆಯೆಂಬ ಸುಲಭವಲ್ಲದ ಗಣಿತವನ್ನು ಇವರೆಲ್ಲ ದುಡಿಯುತ್ತ ದುಡಿಯುತ್ತಲೇ ಕಲಿಯಬೇಕಾಯಿತು. ಹೀಗೆ ನಾಲಗೆಯ ತುದಿಯಲ್ಲಿ ಕೂಡಿಸಿ ಹೇಳುವವನಿಗೆ ಯಾವ ಶಾಲೆಯ ಸರ್ಟಿಫಿಕೇಟು ತಾನೆ ಹೆಚ್ಚಿನದು?

ಈ ಪದ್ಧತಿಯನ್ನು ಬರಿದೆ ಹೊಗಳುವುದು ಸಲ್ಲದು. “ಯಾರ ಮಗ?” ಎಂಬ ಪ್ರಶ್ನೆಯೊಳಗೆ ಜಾತಿಯ ಪ್ರಶ್ನೆಯೂ ಅಡಗಿತ್ತು, ಹಳೆಯ ಹೋಟೆಲುಗಳಲ್ಲಿ ಅಡಿಗೆಮನೆಯ ಹೊಸ್ತಿಲು ಎಷ್ಟೋ ಜನ ಯೋಗ್ಯರಿಗೆ ದಾಟಲಾಗದ ಗೆರೆಯಾಗಿದ್ದಿತು. 1950ರ ಸಂವಿಧಾನವು ಹೋಟೆಲಿನ ಬಾಗಿಲನ್ನು ಎಲ್ಲ ಗಿರಾಕಿಗಳಿಗೂ ತೆರೆಯಿಸಿತಾದರೂ, ಒಲೆಯ ಬಳಿಗೆ ಆ ನ್ಯಾಯವು ನಿಧಾನವಾಗಿ ನಡೆದು ಬಂದಿತು. ಜಾಮೀನಿನ ಬಂಧನವೂ ಅಷ್ಟೇ ಬಿಗಿಯಾದುದು: ಮಾವನ ಮುಖ ನೋಡಿ ಸೇರಿದವನು ಮಾವನ ಮುಖ ನೋಡಿಯೇ ಸಂಬಳ ಹೆಚ್ಚಿಸೆಂದು ಕೇಳದೆ ಉಳಿಯುತ್ತಿದ್ದನು. ಇನ್ನು ಹತ್ತು-ಹನ್ನೆರಡು ವರ್ಷದ ಎಳೆಯರು ನಸುಕಿಗೆದ್ದು ನಡುರಾತ್ರಿಯವರೆಗೆ ದುಡಿದುದನ್ನು ಶಿಸ್ತಿನ ಶಿಕ್ಷಣವೆಂದು ಕರೆಯುವವರೊಡನೆ ನನಗೆ ಸಹಮತವಿಲ್ಲ. ಹದಿನಾಲ್ಕರೊಳಗಿನ ಮಕ್ಕಳನ್ನು ಹೋಟೆಲುಗಳಲ್ಲಿ ದುಡಿಸಕೂಡದೆಂಬ ಕೇಂದ್ರ ಸರಕಾರದ ನಿಷೇಧವು ಜಾರಿಗೆ ಬಂದುದು 2006ರ ಅಕ್ಟೋಬರ್ 10ರಂದು. ಅಷ್ಟು ಹೊತ್ತಿಗೆ ಎಷ್ಟು ತಲೆಮಾರುಗಳ ಬಾಲ್ಯವು ಹಬೆಯಲ್ಲಿ ಬೆಂದಿತ್ತೋ!

ದುಡಿಮೆಯಲ್ಲಿ ಓದು ತಪ್ಪಿದ ಈ ಹುಡುಗರ ಕೊರತೆಗೆ ಮುಂಬಯಿಯ ಕನ್ನಡಿಗರು ಒಂದು ಪರಿಹಾರವನ್ನು ಕಂಡುಕೊಂಡರೆಂಬುದು ಸ್ಮರಣೀಯ. ಆ ನಗರದ ಕೋಟೆ (ಫೋರ್ಟ್) ಮೊದಲಾದ ಕಡೆಗಳಲ್ಲಿ ನಮ್ಮವರ ಸಂಘಗಳು ನಡೆಸಿದ ರಾತ್ರಿಶಾಲೆಗಳಿಗೆ ಹಗಲೆಲ್ಲ ಹೋಟೆಲಿನಲ್ಲಿ ದುಡಿದ ಹುಡುಗರು ಬಂದು, ತೂಕಡಿಸುತ್ತ, ಮತ್ತೆ ಎಚ್ಚರಗೊಳ್ಳುತ್ತ ಓದಿ ಮೆಟ್ರಿಕ್ಯುಲೇಷನ್ ಮುಗಿಸಿದರು. ಬ್ಯಾಂಕುಗಳಲ್ಲಿ ಗುಮಾಸ್ತರಾದರು, ವಕೀಲರಾದರು, ಕೆಲವರು ಸ್ವಂತ ಹೋಟೆಲುಗಳ ಧಣಿಗಳಾದರು. ಸಂಜೆ ಶಾಲೆಗೆ ಬಿಡುವಿರಾ ಎಂದು ಹುಡುಗನೇ ಗಲ್ಲಾದ ಮುಂದೆ ಕೇಳಲಾರಂಭಿಸಿದಾಗ ಸಂದರ್ಶನದ ಸ್ವರೂಪವು ಮೊತ್ತಮೊದಲಿಗೆ ಬದಲಾಯಿತೆಂದು ನನ್ನ ಅಭಿಪ್ರಾಯ.

ಕರಾವಳಿಯಿಂದ ಹುಡುಗರು ಬರುವುದು ಕ್ರಮೇಣ ಕಡಮೆಯಾಯಿತು. 1974ರ ಭೂಸುಧಾರಣೆಯ ತಿದ್ದುಪಡಿಯಿಂದ ಗೇಣಿದಾರನು ಒಡೆಯನಾದನು. ಊರೂರಿಗೆ ಪ್ರೌಢಶಾಲೆಗಳು ಬಂದುವು. ಓದಿದವರು ಕೊಲ್ಲಿಯ ನಾಡುಗಳ ಕಡೆಗೆ ನೋಡಿದರು. ಈಗ ಬಾಗಿಲಿನಲ್ಲಿ ತೂಗುವ “ಕೆಲಸಗಾರರು ಬೇಕಾಗಿದ್ದಾರೆ” ಎಂಬ ಹಲಗೆಯನ್ನು ನೋಡಿ ಒಡಿಶಾ, ಅಸ್ಸಾಮುಗಳ ತರುಣರು ಒಳಬರುತ್ತಾರೆ. ಅವರನ್ನು ಯಾರ ಮಗನೆಂದು ಕೇಳಿ ಪ್ರಯೋಜನವಿಲ್ಲವಾದುದರಿಂದ ಆಧಾರ್ ಚೀಟಿಯನ್ನು ಕೇಳುತ್ತಾರೆ. 1980ರ ದಶಕದಿಂದೀಚೆಗೆ ಬೆಂಗಳೂರನ್ನು ತುಂಬಿಕೊಂಡ ದರ್ಶಿನಿಗಳಲ್ಲಿಯಂತೂ ಗಿರಾಕಿಯು ಮೊದಲೇ ಹಣ ತೆತ್ತು, ಚೀಟಿ ಪಡೆದು, ತನ್ನ ತಟ್ಟೆಯನ್ನು ತಾನೇ ಹೊತ್ತುಕೊಂಡು ನಿಂತು ತಿನ್ನುತ್ತಾನೆ; ಮೇಜಿನ ಬಳಿಗೆ ಬಂದು ಏನು ಬೇಕೆಂದು ಕೇಳುವ ಸಪ್ಲೈಯರನ್ನು ಆರಿಸುವ ಕಷ್ಟ ಅಲ್ಲಿನ ಯಜಮಾನನಿಗಿಲ್ಲ.